ದಿಲ್ಲಿಯ ಹೋಟೆಲ್ ಒಕ್ಕೂಟಕ್ಕೆ ನಮ್ಮಂಥ ಲಾಡ್ಜಿನವರು ಸೇರಬೇಕಾ?

ಗಲ್ಲಾಪೆಟ್ಟಿಗೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಧನ್ವಂತರಿ ರಸ್ತೆ ಹಿಂದಿನ ಒಂದು ಅಡ್ಡರಸ್ತೆಯಲ್ಲಿ ನಮ್ಮದು 22 ರೂಮಿನ ಲಾಡ್ಜು. ಕೆಳಗೆ ತಿಂಡಿ ಹೋಟೆಲು. ಅಪ್ಪ ಬೆಳಗ್ಗೆ ಐದಕ್ಕೆ ಬಂದು ಡಿಕಾಕ್ಷನ್ ನೋಡಿಕೊಳ್ಳುತ್ತಾರೆ. ಎಂಟರ ಮೇಲೆ ಗಲ್ಲಾ ನನ್ನದು. ಊರಿನ ಮಾಲೀಕರ ಸಂಘದಲ್ಲಿ ನಾವು ಮೊದಲಿನಿಂದಲೂ ಇದ್ದೇವೆ. ಹೋದ ವಾರ ಪರಿಚಯದವರೊಬ್ಬರು ಬಂದು, ರಾಷ್ಟ್ರೀಯ ಒಕ್ಕೂಟಕ್ಕೂ ಸೇರಿಬಿಡಿ ಅಂದರು. ಎಫ್‌ಎಚ್‌ಆರ್‌ಎಐ, ಅಂದರೆ ಫೆಡರೇಷನ್ ಆಫ್ ಹೋಟೆಲ್ ಅಂಡ್ ರೆಸ್ಟೋರೆಂಟ್ ಅಸೋಸಿಯೇಷನ್ಸ್ ಆಫ್ ಇಂಡಿಯಾ. ಅವರು ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅಪ್ಪ ಎರಡು ಟೋಕನ್ ಹರಿದು ಕೊಟ್ಟಿದ್ದರು.

ಅಪ್ಪ ಕೇಳಿದ್ದು ಒಂದೇ ಮಾತು: "ಶನಿವಾರ ಸಂಜೆ ಗ್ಯಾಸ್ ಮುಗಿದರೆ ದಿಲ್ಲಿಯವರು ಸಿಲಿಂಡರ್ ಕಳಿಸುತ್ತಾರಾ?" ಬಂದವರು ನಕ್ಕು ಕಾಫಿ ಕುಡಿದು ಫಾರ್ಮ್ ಬಿಟ್ಟು ಹೋದರು. ಫಾರ್ಮ್ ಈಗ ಗಲ್ಲಾದಲ್ಲಿ ಚಿಲ್ಲರೆ ಡಬ್ಬದ ಕೆಳಗಿದೆ.

ಇಂಥ ಸಂಘದಿಂದ ನಮ್ಮಂಥವರಿಗೆ ನಿಜವಾಗಿ ಏನು ಸಿಗುತ್ತದೆ? ಗೊತ್ತಿರುವವರು ಹೇಳಿ. ಬ್ರೋಷರ್‌ನಲ್ಲಿ ಇರುವುದು ಬೇಡ, ಅದನ್ನು ಓದಿದ್ದೇನೆ.

ಡಿಕಾಕ್ಷನ್, ಸರಸ್ವತಿಪುರಂ

ನಿಮ್ಮ ತಂದೆಯವರ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಕಳಿಸುವುದಿಲ್ಲ. ಸಿಲಿಂಡರಿಗೆ ಪಕ್ಕದ ಹೋಟೆಲಿನವರನ್ನೇ ಕೇಳಬೇಕು. ನಾನು ಮೂವತ್ತು ವರ್ಷ ಹೋಟೆಲ್ ನಡೆಸಿದ್ದೇನೆ. ಒಂದಷ್ಟು ಕಾಲ ಊರಿನ ಸಂಘದ ಕಮಿಟಿಯಲ್ಲೂ ಇದ್ದೆ. ಈಗ ಮಗ ನೋಡಿಕೊಳ್ಳುತ್ತಾನೆ, ನಾನು ಸುಮ್ನೆ ಹೋಗಿ ಕೂತು ಸಾಂಬಾರ್ ರುಚಿ ನೋಡಿ ಬೈಸಿಕೊಂಡು ಬರುತ್ತೇನೆ.

ಸಂಘಗಳು ಮೆಟ್ಟಿಲ ಹಾಗೆ ಇವೆ. ಕೆಳಗೆ ಊರಿನ ಸಂಘ. ಟ್ರೇಡ್ ಲೈಸೆನ್ಸು, ಕಸದ ಗಾಡಿ, ಪಾಲಿಕೆ, ಪೊಲೀಸು ಎಲ್ಲ ಅದರ ಪಾಲು. ಅದರ ಮೇಲೆ ರಾಜ್ಯದ ಸಂಘ. ಬೆಂಗಳೂರಿನ ಇಲಾಖೆಗಳ ಜೊತೆ ಮಾತಾಡುವುದು ಅವರು. ಅದಕ್ಕೂ ಮೇಲೆ ಈ ಒಕ್ಕೂಟ. 1955ರಲ್ಲಿ ಕಂಪನಿ ಕಾಯ್ದೆಯಡಿ ನೋಂದಣಿಯಾದದ್ದು. ಅದರ ಕೆಳಗೆ ದಿಕ್ಕಿಗೊಂದರಂತೆ ನಾಲ್ಕು ಸಂಘ: ದಿಲ್ಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ. ನಮ್ಮದು ಚೆನ್ನೈನದು, ಸಿಹ್ರಾ ಅನ್ನುತ್ತಾರೆ. ಅದರ ಮೂಲಕವೇ ಮೇಲಕ್ಕೆ ಹೋಗಬೇಕು.

ಇದೊಂದೇ ಅಲ್ಲ. ದೊಡ್ಡ ಹೋಟೆಲುಗಳ ಇನ್ನೊಂದು ಸಂಘ 1996ರಲ್ಲಿ ಶುರುವಾಯಿತು. ರೆಸ್ಟೋರೆಂಟ್‌ಗಳ ಎನ್‌ಆರ್‌ಎಐ 1982ರಿಂದ ಇದೆ. ಯಾರು ಯಾರ ಪರ ಮಾತಾಡುತ್ತಾರೆ ಅಂತ ಮೊದಲು ನೋಡಿಕೊಳ್ಳಿ.

ಇನ್ನೊಂದು ವಿಷಯ. ಮೈಸೂರಿನಲ್ಲಿ "ಹೋಟೆಲಿಗೆ ಹೋಗೋಣ" ಅಂದರೆ ದೋಸೆ ತಿನ್ನಲು. ಮಲಗಲು ಹೋಗುವುದು ಲಾಡ್ಜಿಗೆ. ದಿಲ್ಲಿಯಲ್ಲಿ ಹೋಟೆಲ್ ಅಂದರೆ ರೂಮು, ಲಿಫ್ಟು, ಸ್ಟಾರು. ಅವರ ಕಾಗದ ಓದುವಾಗ ಇದು ನೆನಪಿರಲಿ. ಎಷ್ಟೋ ಗೊಂದಲ ಅಲ್ಲೇ ಹುಟ್ಟುತ್ತದೆ.

ಹಳೇ ರಸ್ತೆ ಹೋಟ್ಲು, ಮದ್ದೂರು

ಅಣ್ಣ ಹೇಳಿದ್ದು ಸರಿ. ನಮ್ಮದು ಮಿಲಿಟರಿ ಹೋಟ್ಲು. ಮುದ್ದೆ, ಕಾಲು ಸೂಪು, ನಾಟಿ ಕೋಳಿ ಸಾರು. ಸ್ಟಾರ್ ಇರುವುದು ರಾತ್ರಿ ಹೊತ್ತು ಹೊರಗೆ ಬಂದು ನೋಡಿದರೆ ಮಾತ್ರ.

2023ರ ಮಾರ್ಚ್ 12ಕ್ಕೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಎಲ್ಲರೂ ಖುಷಿ. ಅದಕ್ಕೆ ಮೊದಲು ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮ ಮುಂದೆ ಕಾರು ನಿಲ್ಲಿಸಲು ಜಾಗ ಇರುತ್ತಿರಲಿಲ್ಲ. ಆಮೇಲೆ ಕಾರುಗಳೆಲ್ಲ ಬೈಪಾಸ್ ಮೇಲಿಂದಲೇ ಹೋದವು. ಮೂರು ಒಲೆ ಇದ್ದದ್ದು ಒಂದಾಯಿತು. ಭಟ್ಟರಲ್ಲಿ ಒಬ್ಬರು ಊರಿಗೆ ಹೋದವರು ವಾಪಸ್ ಬರಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಹೆಸರು ಮಾಡಿದ ವಡೆ ಈ ರಸ್ತೆಗೆ ಬಂದು ಬೆಳೆದಿತ್ತು. ಈಗ ಅದು ಮತ್ತೆ ಗಿರಾಕಿಯನ್ನು ಹುಡುಕಿಕೊಂಡು ಹೋಗಬೇಕು.

ಆಗ ಯಾವ ರಾಷ್ಟ್ರೀಯ ಸಂಘ ಬಂದು "ಇಲ್ಲೊಂದು ಬೋರ್ಡ್ ಹಾಕಿ, ಇಲ್ಲೊಂದು ಇಳಿದಾರಿ ಕೊಡಿ" ಅಂತ ಕೇಳಿತು? ನಾವೇ ಹತ್ತು ಜನ ಮನವಿ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದೆವು. ಅದಕ್ಕೇ ಕೇಳುತ್ತಿದ್ದೇನೆ, ಅವರು ಇರುವುದು ಯಾರಿಗೆ?

ಲೆಕ್ಕಪತ್ರ, ಕುವೆಂಪುನಗರ

ಮದ್ದೂರಿನವರ ಕಷ್ಟ ನಿಜ. ಆದರೆ ಒಂದು ಊರಿನ ಇಳಿದಾರಿ ಬೇರೆ, ಇಡೀ ದೇಶಕ್ಕೆ ಒಂದೇ ದರ ಹಾಕುವ ತೆರಿಗೆ ಬೇರೆ. ನಾನು ಆಡಿಟರ್. ಹತ್ತಾರು ಹೋಟೆಲು ಲಾಡ್ಜುಗಳ ಲೆಕ್ಕ ನೋಡುತ್ತೇನೆ. ಒಂದು ಉದಾಹರಣೆ ಕೊಡುತ್ತೇನೆ.

900 ರೂಪಾಯಿಯ ರೂಮು. 2022ರ ಜುಲೈ 17ರವರೆಗೆ ಅದಕ್ಕೆ ಜಿಎಸ್‌ಟಿ ಇರಲಿಲ್ಲ, ಸಾವಿರದವರೆಗೆ ವಿನಾಯಿತಿ ಇತ್ತು. ಜುಲೈ 18ರಿಂದ 12 ಪರ್ಸೆಂಟ್ ಬಿತ್ತು. ಅಂದರೆ 108 ರೂಪಾಯಿ. ಮದುವೆಗೆ ಬಂದ ಹಳ್ಳಿಯವರಿಗೆ, ಪರೀಕ್ಷೆ ಬರೆಯಲು ಬಂದ ಹುಡುಗರಿಗೆ ಈ 108 ಅರ್ಥ ಮಾಡಿಸುವುದು ಗಲ್ಲಾದಲ್ಲಿ ಕೂತವರಿಗೇ ಗೊತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮುಗಳಿಗೆ ಅದು 5 ಪರ್ಸೆಂಟ್ ಆಯಿತು. ಈಗ 45 ರೂಪಾಯಿ.

ಗಿರಾಕಿಗೆ ಒಳ್ಳೆಯದೇ. ಆದರೆ ಈ 5 ಪರ್ಸೆಂಟಿನಲ್ಲಿ ಹೂಡುವಳಿ ತೆರಿಗೆ, ಅಂದರೆ ವ್ಯಾಪಾರಕ್ಕೆ ಬೇಕಾದ್ದನ್ನು ಕೊಳ್ಳುವಾಗ ಮಾಲೀಕ ಕಟ್ಟಿದ ತೆರಿಗೆ, ವಾಪಸ್ ಸಿಗುವುದಿಲ್ಲ. ಎಸಿ ಕೊಂಡಾಗ ಕಟ್ಟಿದ 18 ಪರ್ಸೆಂಟ್, ಕಟ್ಟಡದ ಬಾಡಿಗೆ ಮೇಲಿನ 18 ಪರ್ಸೆಂಟ್, ಎಲ್ಲ ಮಾಲೀಕನ ತಲೆಗೇ. ರೂಮು ಹೊಸದು ಮಾಡಿಸುವವರಿಗೆ ಇದು ಸಣ್ಣ ಹೊಡೆತ ಅಲ್ಲ. ಇದನ್ನು ಜಿಎಸ್‌ಟಿ ಮಂಡಳಿ ಮುಂದೆ ಲೆಕ್ಕ ಸಮೇತ ಹೇಳುವವರು ಯಾರು? ಧನ್ವಂತರಿ ರಸ್ತೆಯ ಒಂದು ಲಾಡ್ಜ್ ಬರೆದ ಕಾಗದಕ್ಕೆ ಸ್ವೀಕೃತಿ ಮುದ್ರೆ ಬೀಳಬಹುದು, ಅಷ್ಟೇ.

ತಿಂಡಿ ಹೋಟೆಲಿನ ಕಥೆಯೂ ಇದೇ. 2017ರ ಜುಲೈನಲ್ಲಿ ಎಸಿ ಇಲ್ಲದ್ದಕ್ಕೆ 12, ಎಸಿ ಇದ್ದದ್ದಕ್ಕೆ 18 ಅಂತ ಶುರುವಾಯಿತು. ಗಲಾಟೆ ಆಯಿತು. ಅದೇ ನವೆಂಬರ್ 15ಕ್ಕೆ 5 ಪರ್ಸೆಂಟಿಗೆ ಇಳಿಯಿತು. ಆಗಲೂ ಹೂಡುವಳಿ ತೆರಿಗೆ ವಾಪಸ್ ಬರುವುದು ನಿಂತಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ತೆಗೆದುಕೊಂಡ ಹಾಗೆ.

ಬೈಟು ಕಾಫಿ

ನಾನು ಗಿರಾಕಿ. ಮಾಲೀಕರೆಲ್ಲ ಸೇರಿ ಕಷ್ಟ ಹೇಳಿಕೊಳ್ಳುತ್ತಿದ್ದೀರಿ, ನಮ್ಮದೂ ಕೇಳಿ.

ಇದೇ ಒಕ್ಕೂಟ ಸುಪ್ರೀಂ ಕೋರ್ಟಿಗೆ ಹೋಗಿ ನೀರಿನ ಬಾಟಲಿಯನ್ನು ಎಂಆರ್‌ಪಿಗಿಂತ ಜಾಸ್ತಿಗೆ ಮಾರಬಹುದು ಅಂತ ಗೆದ್ದುಕೊಂಡು ಬಂತಲ್ಲ, 2017ರ ಡಿಸೆಂಬರ್‌ನಲ್ಲಿ. ಅಂಗಡಿಯಲ್ಲಿ 20 ರೂಪಾಯಿ, ನಿಮ್ಮ ಟೇಬಲ್ ಮೇಲೆ ಇಟ್ಟ ಕೂಡಲೇ 50. ಅದೇ ನೀರು. ಇದಾ ಸಂಘದ ಕೆಲಸ?

ಡಿಕಾಕ್ಷನ್, ಸರಸ್ವತಿಪುರಂ

ಬೈಟು ಅವರೇ, ಕೋಪ ಬೇಡ. ಹೋಟೆಲಿಗೆ ಬಂದವನು ಬರೀ ಬಾಟಲಿ ಕೊಳ್ಳಲು ಬಂದಿರುವುದಿಲ್ಲ, ಕುರ್ಚಿ, ಫ್ಯಾನು, ಸೇವೆ ಎಲ್ಲ ಸೇರಿದೆ, ಇದು ಅಂಗಡಿ ಮಾರಾಟದಂತಲ್ಲ ಅನ್ನುವುದು ಅಲ್ಲಿಯ ವಾದ. ಕೋರ್ಟು ಒಪ್ಪಿತು. ನಮ್ಮ ಹೋಟೆಲಿನಲ್ಲಿ ಕುಡಿಯುವ ನೀರು ಸ್ಟೀಲ್ ಲೋಟದಲ್ಲಿ ಪುಕ್ಕಟೆ ಬರುತ್ತದೆ. ಬಾಟಲಿ ಕೇಳುವವರೇ ಕಡಿಮೆ. ಆ ಕೇಸು ಗೆದ್ದದ್ದರಿಂದ ನನ್ನ ಗಲ್ಲಾಕ್ಕೆ ಬಿದ್ದದ್ದು ಸೊನ್ನೆ.

ಗಲ್ಲಾಪೆಟ್ಟಿಗೆ, ಮೈಸೂರು

ಬೈಟು ಅವರು ಹೇಳಿದ್ದರಲ್ಲಿ ಅರ್ಧ ನಾನೂ ಒಪ್ಪುತ್ತೇನೆ. ಸರ್ವೀಸ್ ಚಾರ್ಜ್ ವಿಷಯವನ್ನೂ ಓದಿದೆ. ಬಿಲ್ಲಿನಲ್ಲಿ ತಾನಾಗಿಯೇ ಸೇರಿಸಬಾರದು ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ಕ್ಕೆ ಹೇಳಿತು. ಎನ್‌ಆರ್‌ಎಐ ಮತ್ತು ಈ ಒಕ್ಕೂಟ ಎರಡೂ ದಿಲ್ಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ಕ್ಕೆ ಸೋತವು. ತಲಾ ಒಂದು ಲಕ್ಷ ಕಟ್ಟಿ ಅಂತಲೂ ಆಯಿತು.

ನಮ್ಮಲ್ಲಿ ಸರ್ವೀಸ್ ಚಾರ್ಜ್ ಅನ್ನುವ ಪದವೇ ಇಲ್ಲ. ಟಿಪ್ಸ್ ಅಂದರೆ ಬಿಲ್ ತಟ್ಟೆಯ ಸೋಂಪಿನ ಜೊತೆ ಬಿಟ್ಟು ಹೋದ ಹತ್ತು ರೂಪಾಯಿ. ನಾನು ಕಟ್ಟುವ ಚಂದಾದಲ್ಲಿ ಇಂಥ ಕೇಸು ಯಾಕೆ ನಡೆಯಬೇಕು ಅನ್ನಿಸುತ್ತದೆ. ಅಪ್ಪನಿಗೆ ಇದನ್ನು ಓದಿ ಹೇಳಿದೆ. "ನೋಡಿದೆಯಾ" ಅಂದರು. ಮತ್ತೇನೂ ಹೇಳಲಿಲ್ಲ.

ಗೋಕುಲಂ ಹೋಂಸ್ಟೇ

ಅಕ್ಕ, ನೀವು ಆನ್‌ಲೈನ್ ಬುಕಿಂಗ್ ಆ್ಯಪ್‌ನಲ್ಲಿ ರೂಮು ಹಾಕಿದ್ದೀರಾ? ಹಾಕಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ ಅನ್ನಿಸುತ್ತದೆ. ನಮ್ಮ ಕಡೆ ಯೋಗ ಕಲಿಯಲು ಬರುವ ವಿದೇಶಿಯರು ಜಾಸ್ತಿ. ಅವರು ಬಂದ 24 ಗಂಟೆಯೊಳಗೆ ವಿವರ ಆನ್‌ಲೈನ್‌ನಲ್ಲಿ ಹಾಕಬೇಕು, ಅದೇ ಒಂದು ತಲೆನೋವು. ಅದಕ್ಕಿಂತ ದೊಡ್ಡ ತಲೆನೋವು ಕಮಿಷನ್.

ಗಲ್ಲಾಪೆಟ್ಟಿಗೆ, ಮೈಸೂರು

ಹಾಕಿದ್ದೇವೆ. ಅದರ ಕಥೆ ಹೇಳಲೇಬೇಕು.

ಹೋದ ಮಳೆಗಾಲದಲ್ಲಿ ರಾತ್ರಿ ಹತ್ತೂವರೆಗೆ ಗಂಡ ಹೆಂಡತಿ, ಒಂದು ಮಗು ನೆನೆದುಕೊಂಡು ಬಂದರು. ಕೊಡೆ ಮುರಿದಿತ್ತು. ಗಂಡ ಮೊಬೈಲ್ ತೋರಿಸಿ, "ನಿಮ್ಮದೇ ರೂಮು ಇದರಲ್ಲಿ 1,200 ಇದೆ, ನೀವು ಎಷ್ಟಕ್ಕೆ ಕೊಡುತ್ತೀರಿ?" ಅಂದರು. ಆ 1,200ರಲ್ಲಿ ಆ್ಯಪ್‌ಗೆ ನಾವು ಕೊಡುವುದು ನೂರಕ್ಕೆ 22, ಅಂದರೆ 264. ನಮ್ಮ ಕೈಗೆ ಬರುವುದು 936. ಅಪ್ಪ 1,050 ಅಂದರು. ಅವರಿಗೆ 150 ಉಳಿಯಿತು, ನಮಗೆ 114 ಜಾಸ್ತಿ ಬಂತು. ಮಗುವಿಗೆ ಅಪ್ಪ ಒಂದು ಲೋಟ ಬಿಸಿ ಹಾಲು ಕೊಡಿಸಿದರು, ಅದು ಲೆಕ್ಕಕ್ಕಿಲ್ಲ.

ಆಮೇಲೆ ಇದೇ ದರವನ್ನು ಒಂದು ಬೋರ್ಡಿನಲ್ಲಿ ಬರೆದು ಕೌಂಟರ್ ಮೇಲೆ ಇಟ್ಟೆವು. ಹದಿನೈದು ದಿನಕ್ಕೆ ಆ್ಯಪ್ ಕಡೆಯ ಹುಡುಗ ಫೋನ್ ಮಾಡಿದ. ನಮ್ಮಲ್ಲಿ ಹಾಕಿದ್ದಕ್ಕಿಂತ ಕಡಿಮೆಗೆ ನೀವೇ ಮಾರುವಂತಿಲ್ಲ, ಲಿಸ್ಟಿನಲ್ಲಿ ಕೆಳಗೆ ಹೋಗುತ್ತೀರಿ ಅಂದ. ನಮ್ಮ ರೂಮು, ನಮ್ಮ ಕೌಂಟರು, ನಮ್ಮ ಬೋರ್ಡು. ಅಪ್ಪ ಆ ಬೋರ್ಡ್ ತೆಗೆದು ಹಿಂದೆ ಅಕ್ಕಿ ಮೂಟೆಗೆ ಆನಿಸಿ ಇಟ್ಟರು. ಈಗಲೂ ಅಲ್ಲೇ ಇದೆ.

ಡಿಕಾಕ್ಷನ್, ಸರಸ್ವತಿಪುರಂ

ಈ ಮಾತು ಮೊದಲೇ ಹೇಳಬಾರದಿತ್ತೇನಮ್ಮಾ! ಒಕ್ಕೂಟ ಮಾಡಿದ ಕೆಲಸಗಳಲ್ಲಿ ನಿಮ್ಮಂಥವರಿಗೆ ನೇರವಾಗಿ ತಟ್ಟುವುದು ಇದೇ.

ಇದೇ ಷರತ್ತಿನ ಮೇಲೆ ಅವರು, ವ್ಯಾಪಾರದ ಪೈಪೋಟಿ ನ್ಯಾಯವಾಗಿ ನಡೆಯುತ್ತಿದೆಯಾ ಅಂತ ನೋಡುವ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿದ್ದರು. ಆ್ಯಪ್‌ಗಿಂತ ಕಡಿಮೆಗೆ ಬೇರೆ ಕಡೆ ಮಾರಬಾರದು, ಬೇರೆ ಕಡೆ ರೂಮು ಕೊಟ್ಟರೆ ನಮಗೂ ಕೊಡಬೇಕು, ಇಂಥದ್ದೆಲ್ಲ ಅದರಲ್ಲಿತ್ತು. ಆಯೋಗ ತನಿಖೆ ಮಾಡಿಸಿ 2022ರ ಅಕ್ಟೋಬರ್‌ನಲ್ಲಿ ಆದೇಶ ಕೊಟ್ಟಿತು. ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ ದಂಡ, ಓಯೋಗೆ 168.88 ಕೋಟಿ. ಮೇಕ್‌ಮೈಟ್ರಿಪ್ ಕಡೆಯವರಿಗೆ ದಂಡದ ಜೊತೆಗೆ, ಹೋಟೆಲುಗಳ ಜೊತೆಗಿನ ಒಪ್ಪಂದದಿಂದ ಆ ದರದ ಷರತ್ತನ್ನು ತೆಗೆಯಿರಿ ಅಂತಲೂ ಹೇಳಿತು. ಆದೇಶದ ಮೇಲೆ ಅಪೀಲೂ ಆಯಿತು, ಅದು ಬೇರೆ ಮಾತು.

ಯೋಚನೆ ಮಾಡಿ. ದೂರು ಕೊಟ್ಟದ್ದು 2019ರ ಹೊತ್ತಿಗೆ. ಮಧ್ಯೆ ಕೊರೊನಾ. ಮೂರು ವರ್ಷ ದಿಲ್ಲಿಯಲ್ಲಿ ವಕೀಲರನ್ನು ಇಟ್ಟುಕೊಂಡು, ಊರೂರಿನ ಒಪ್ಪಂದದ ಪತ್ರ ಸೇರಿಸಿ ಕೊಡಬೇಕು. 22 ರೂಮಿನ ಲಾಡ್ಜ್ ಇದನ್ನು ಮಾಡಲು ಹೋದರೆ ಮೊದಲ ವಾಯಿದೆಗೇ ಲಾಡ್ಜ್ ಮಾರಬೇಕಾಗುತ್ತದೆ. ನನ್ನ ಪ್ರಕಾರ ರಾಷ್ಟ್ರೀಯ ಸಂಘ ಇರಬೇಕಾದದ್ದು ಇಂಥದ್ದಕ್ಕೆ. ಸಮಾವೇಶದ ಫೋಟೋ, ಶಾಲು, ಸ್ಮರಣ ಸಂಚಿಕೆ ಎಲ್ಲ ಆಮೇಲೆ.

ನಿಮ್ಮ ಆ್ಯಪ್ ಯಾವುದೋ ನನಗೆ ಗೊತ್ತಿಲ್ಲ. ಆದರೆ ಒಪ್ಪಂದದ ಪತ್ರ ತೆಗೆದು ದರದ ಕಲಮು ಓದಿ. ಫೋನಿನಲ್ಲಿ ಹುಡುಗ ಹೇಳಿದ್ದು ಕಾಗದದಲ್ಲಿ ಇದೆಯಾ ನೋಡಿ.

ಹಳೇ ರಸ್ತೆ ಹೋಟ್ಲು, ಮದ್ದೂರು

ಸರಿ ಅಣ್ಣ, ಆ ಕೇಸಿಗೆ ಕೈ ಮುಗಿದೆ. ಹಾಗಾದರೆ ಇನ್ನೊಂದು ಕೆಲಸ ಮಾಡಿಸಿ. ಹಾಲು, ಕಾಫಿಪುಡಿ, ಎಣ್ಣೆ ಎಲ್ಲ ಏರಿದೆ. ಒಬ್ಬ ಕಾಫಿಗೆ 15 ಅಂದರೆ ಎದುರಿನವನು 12 ಅನ್ನುತ್ತಾನೆ. ಇಡೀ ಜಿಲ್ಲೆಗೆ ಸಂಘವೇ ಒಂದು ದರ ಹೇಳಿಬಿಡಲಿ. ಕಡಿಮೆ ಮಾರಿದವನಿಗೆ ದಂಡ ಹಾಕಲಿ. ಆಗ ಒಗ್ಗಟ್ಟು ಬರುತ್ತದೆ.

ಲೆಕ್ಕಪತ್ರ, ಕುವೆಂಪುನಗರ

ಅಯ್ಯೋ, ಅದೊಂದು ಮಾತ್ರ ಮಾಡಬೇಡಿ! ಆ್ಯಪ್‌ಗಳಿಗೆ ಬಿಸಿ ಮುಟ್ಟಿಸಿದ ಅದೇ ಸ್ಪರ್ಧಾ ಕಾಯ್ದೆ ನಿಮ್ಮ ಮೇಲೂ ಬರುತ್ತದೆ. ಒಂದೇ ವ್ಯಾಪಾರದವರು ಸಂಘದಲ್ಲಿ ಕೂತು ಮಾರುವ ದರ ಗೊತ್ತು ಮಾಡಿದರೆ 3ನೇ ಸೆಕ್ಷನ್ ಪ್ರಕಾರ ತಪ್ಪು. ಔಷಧಿ ವ್ಯಾಪಾರಿಗಳ ಸಂಘಗಳು ಇಂಥ ಕಟ್ಟುಪಾಡು ಮಾಡಿಯೇ ದಂಡ ತೆತ್ತಿವೆ. "ಖರ್ಚು ಇಷ್ಟು ಏರಿದೆ" ಅಂತ ಸಂಘ ಹೇಳಬಹುದು. "ನಾಳೆಯಿಂದ ಎಲ್ಲರೂ ಇಷ್ಟಕ್ಕೇ ಮಾರಿ" ಅಂತ ಹೇಳುವಂತಿಲ್ಲ. ಪೇಪರಿನಲ್ಲಿ ಹೇಳಿಕೆ ಕೊಡುವ ಮೊದಲು ಪದಾಧಿಕಾರಿಗಳು ಇದನ್ನು ಯಾರನ್ನಾದರೂ ಕೇಳಿಕೊಂಡರೆ ಒಳ್ಳೆಯದು.

ಹಳೇ ರಸ್ತೆ ಹೋಟ್ಲು, ಮದ್ದೂರು

ಒಳ್ಳೆ ಕತೆ. ಸೇರಿದರೂ ಕಷ್ಟ, ಸೇರದಿದ್ದರೂ ಕಷ್ಟ.

ಹಳೇ ಸಪ್ಲೈಯರ್

ಎಲ್ಲರೂ ಮಾಲೀಕರೇ ಮಾತಾಡುತ್ತಿದ್ದೀರಿ. ನಾನು ಹದಿನಾಲ್ಕು ವರ್ಷ ಮೈಸೂರಿನ ಹೋಟೆಲುಗಳಲ್ಲಿ ಕೆಲಸ ಮಾಡಿದವನು. ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್.

ಒಂದು ಹೋಟೆಲಿನಲ್ಲಿ ನಾವು 17 ಜನ ಇದ್ದೆವು. ಹಾಜರಿ ಪುಸ್ತಕದಲ್ಲಿ 9 ಹೆಸರು. ಹತ್ತು ಜನ ಆದರೆ ಇಎಸ್‌ಐ, ಅಂದರೆ ಕೆಲಸಗಾರರ ವಿಮೆ, ಕಟ್ಟಬೇಕಲ್ಲ, ಅದಕ್ಕೆ. ಒಂದು ದಿನ ಪೂರಿ ಎಣ್ಣೆ ಕೈಮೇಲೆ ಬಿತ್ತು, ಮೊಣಕೈವರೆಗೆ. ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲ. ಮಾಲೀಕರು ಕೆಟ್ಟವರಲ್ಲ, ಆಸ್ಪತ್ರೆಗೆ ದುಡ್ಡು ಕೊಟ್ಟರು. ಎರಡು ತಿಂಗಳ ಸಂಬಳ ಮಾತ್ರ ಹೋಯಿತು.

ಒಕ್ಕೂಟಕ್ಕೆ ಗ್ರೇಟರ್ ನೋಯ್ಡಾದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜು ಇದೆ ಅಂತ ಓದಿದ್ದೇನೆ. ಸಂತೋಷ. ಇಲ್ಲಿ ತಟ್ಟೆ ಎತ್ತುವ ಹುಡುಗರು ಈಗ ಒಡಿಶಾ, ಅಸ್ಸಾಂ ಕಡೆಯಿಂದ ಬರುತ್ತಾರೆ. ಅವರ ಹೆಸರು ಪುಸ್ತಕಕ್ಕೆ ಹತ್ತಬೇಕು ಅಂತ ಯಾವ ಸಂಘವಾದರೂ ತನ್ನ ಸದಸ್ಯರಿಗೆ ಹೇಳಿದರೆ ನಾನೇ ಬಂದು ಚಂದಾ ಎತ್ತಿಕೊಡುತ್ತೇನೆ.

ಡಿಕಾಕ್ಷನ್, ಸರಸ್ವತಿಪುರಂ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಕಮಿಟಿಯಲ್ಲಿದ್ದಾಗಲೂ ಈ ವಿಷಯ ಅಜೆಂಡಾದಲ್ಲಿ ಬಂದದ್ದು ನೆನಪಿಲ್ಲ. ಬಂದದ್ದೆಲ್ಲ ಕೆಲಸಗಾರರು ಸಿಗುತ್ತಿಲ್ಲ ಅಂತಲೇ.

ಬೈಟು ಕಾಫಿ

ಸಪ್ಲೈಯರ್ ಅಣ್ಣ, ಕೈ ಈಗ ಹೇಗಿದೆ?

ಹಳೇ ಸಪ್ಲೈಯರ್

ವಾಸಿಯಾಗಿದೆ ಸಾರ್. ಈಗ ಆಟೋ ಓಡಿಸುತ್ತೇನೆ. ಚಳಿಗೆ ಸ್ವಲ್ಪ ಹಿಡಿಯುತ್ತದೆ.

ಗೋಕುಲಂ ಹೋಂಸ್ಟೇ

ಊರಿನ ಸಂಘದ ಬಗ್ಗೆಯೂ ಒಂದು ಒಳ್ಳೆಯ ಮಾತು ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಬಣ್ಣ ಹಾಕಬಾರದು ಅಂತ ರಾಜ್ಯದಲ್ಲಿ ಆದೇಶ ಬಂತು. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬೇಡ ಅಂತಾಯಿತು. ಎರಡೂ ಸಲ ನನ್ನ ಸ್ನೇಹಿತನ ಹೋಟೆಲಿಗೆ ಮೊದಲು ಮುಟ್ಟಿದ್ದು ಊರಿನವರ ವಾಟ್ಸಾಪ್ ಗುಂಪಿನಿಂದ. ಅದೇ ದಿನ ಅವನು ಬಿಳಿ ಬಟ್ಟೆ ತಂದು ಹರಿದು ಇಡ್ಲಿ ತಟ್ಟೆಗೆ ಹಾಕಿದ. ದಿಲ್ಲಿಯಿಂದ ಇಮೇಲ್ ಬರುವವರೆಗೆ ಕಾದಿದ್ದರೆ ಇನ್‌ಸ್ಪೆಕ್ಟರ್ ಮೊದಲು ಬರುತ್ತಿದ್ದರು.

ಡಿಕಾಕ್ಷನ್, ಸರಸ್ವತಿಪುರಂ

ಅದಕ್ಕೇ ನಾನು ಹೇಳುವುದು, ಇದು ಬಿಟ್ಟು ಅದು ಅಂತಲ್ಲ. ಸಿಲಿಂಡರ್, ಲೈಸೆನ್ಸ್, ಇಡ್ಲಿ ಬಟ್ಟೆ ಎಲ್ಲ ಊರಿನ ಸಂಘಕ್ಕೆ. ಮದ್ದೂರಿನ ತಮ್ಮನ ಇಳಿದಾರಿಗೆ ಜಿಲ್ಲೆಯವರೂ ರಾಜ್ಯದವರೂ ಸೇರಬೇಕು. ತೆರಿಗೆ, ಆ್ಯಪ್, ಸುಪ್ರೀಂ ಕೋರ್ಟು ಮೇಲಿನವರಿಗೆ.

ಸ್ಟಾರ್ ಬೇಕಾದರೆ ಅದನ್ನು ಕೊಡುವುದು ಸಂಘ ಅಲ್ಲ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ. ಸ್ಟಾರ್ ತೆಗೆದುಕೊಳ್ಳಲೇಬೇಕು ಅಂತೇನೂ ಇಲ್ಲ. ಸಂಘಕ್ಕೆ ಸೇರಿದರೆ ಸ್ಟಾರ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಕಾಫಿ ಕೊಟ್ಟು ಕಳಿಸಿ. ಸಕ್ಕರೆ ಕಡಿಮೆ ಹಾಕಿ.

ಇನ್ನೊಂದು. ಸೇರಿ ಸುಮ್ಮನೆ ಕೂತರೆ ಅಲ್ಲಿ ನಡೆಯುವುದು ದೊಡ್ಡವರ ಕೇಸೇ. ನೀರಿನ ಬಾಟಲಿ, ಸರ್ವೀಸ್ ಚಾರ್ಜು. 900 ರೂಪಾಯಿ ರೂಮಿನ ಲೆಕ್ಕ ಅವರಿಗೆ ತಾನಾಗಿ ಹೊಳೆಯುವುದಿಲ್ಲ. ವರ್ಷಕ್ಕೆ ಎರಡು ಕಾಗದವಾದರೂ ಚೆನ್ನೈಗೆ ಬರೆಯಬೇಕು.

ಗಲ್ಲಾಪೆಟ್ಟಿಗೆ, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ತಿಂಡಿ ಹೊತ್ತಿನ ಗಲಾಟೆಯಲ್ಲಿ ಬರೆಯಲಾಗಲಿಲ್ಲ.

ಒಪ್ಪಂದದ ಪತ್ರ ಹುಡುಕಿದೆ. ಹಳೇ ರಿಜಿಸ್ಟರ್‌ಗಳ ಮಧ್ಯೆ ಸಿಕ್ಕಿತು, ಮೇಲೆ ಸಾಂಬಾರ್ ಕಲೆ. ಎಂಟನೇ ಪುಟದಲ್ಲಿ ದರದ ಕಲಮು ಇದೆ. ಅದರಲ್ಲಿ ಬೇರೆ ಆ್ಯಪ್‌ಗಳ ಮಾತಿದೆ, ನಮ್ಮ ಕೌಂಟರಿನ ಮಾತು ಎಲ್ಲೂ ಇಲ್ಲ. ಲೆಕ್ಕಪತ್ರ ಸಾರ್, ನಾಳೆ ಅದರ ಫೋಟೋ ನಿಮಗೆ ಕಳಿಸುತ್ತೇನೆ, ನೋಡಿ ಹೇಳಿ.

ಸಪ್ಲೈಯರ್ ಅಣ್ಣ ಬರೆದದ್ದನ್ನು ಓದಿ ನಮ್ಮ ಹಾಜರಿ ಪುಸ್ತಕ ತೆಗೆದೆ. ಕೆಲಸಕ್ಕೆ 13 ಜನ, ಪುಸ್ತಕದಲ್ಲಿ 11. ಇಬ್ಬರು ಹೊಸ ಹುಡುಗರು, ಮೂರು ತಿಂಗಳಾಗಿದೆ. ಇವತ್ತು ಅವರ ಆಧಾರ್ ತೆಗೆದುಕೊಂಡೆ.

ಬೋರ್ಡ್ ಅಕ್ಕಿ ಮೂಟೆ ಹಿಂದಿನಿಂದ ಕೌಂಟರ್ ಮೇಲೆ ಬಂದಿದೆ. ಒರೆಸಿ ಇಟ್ಟಿದ್ದೇನೆ. ಫೋನ್ ಬಂದರೆ ಎಂಟನೇ ಪುಟ ಓದುತ್ತೇನೆ.

ಫಾರ್ಮನ್ನು ಅಪ್ಪ ನಿನ್ನೆ ರಾತ್ರಿ ತುಂಬಿದರು. ಎಲ್ಲ ತಮ್ಮ ಕೈಯಲ್ಲೇ, ನನ್ನನ್ನು ಕೇಳದೆ. ಯಾವ ವ್ಯಾಪಾರ ಅನ್ನುವ ಜಾಗದಲ್ಲಿ ಮೊದಲು "ಹೋಟೆಲ್" ಅಂತ ಬರೆದಿದ್ದಾರೆ. ಆಮೇಲೆ ಏನನ್ನಿಸಿತೋ, ಅದನ್ನು ಹೊಡೆದು ಹಾಕಿ "ಲಾಡ್ಜು ಮತ್ತು ತಿಂಡಿ" ಅಂತ ಮಾಡಿದ್ದಾರೆ.